ಹಳೆಯ ಮನೆಗೆ ಒಪ್ಪುವ ಅಡಿಗೆಮನೆ

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಾಡುನುಡಿಗಳ ಮಾತನಾಡುವುದು ವಾಡಿಕೆ. ಇಲ್ಲಿ ಅಡಿಗೆಮನೆಯ ವಿಚಾರವೇಕೆ ಎಂದು ಕೆಲವರಿಗಾದರೂ ಅನ್ನಿಸೀತು. ಆದರೆ ಹೊರನಾಡಿನಲ್ಲಿ ನಮ್ಮ ನುಡಿ ಸಭಾಭವನದಲ್ಲಿ ಉಳಿದಿರುವುದಕ್ಕಿಂತ ಹೆಚ್ಚಾಗಿ ಒಲೆಯ ಮುಂದೆ ಉಳಿದಿದೆ. ಮುಂಬಯಿಯಲ್ಲಿ ಹುಟ್ಟಿದ ಮಗುವೂ ಒಗ್ಗರಣೆ, ಹುಳಿ, ತೊವ್ವೆ ಎಂಬ ಮಾತುಗಳನ್ನು ಕಲಿಯುವುದು ಅಲ್ಲಿಯೇ. ಆದಕಾರಣ ಈ ಕೋಣೆಯ ವಿಷಯವಾಗಿ ನಾಲ್ಕು ಮಾತು ಹೇಳಲು ತಮ್ಮ ಅಪ್ಪಣೆ ಬೇಡುತ್ತೇವೆ.

ನಮ್ಮಲ್ಲಿ ಅನೇಕರ ವಾಸ ಮಾಟುಂಗ, ದಾದರ ಕಡೆಯ ಹಳೆಯ ಕಟ್ಟಡಗಳಲ್ಲಿ. 1896ರಲ್ಲಿ ನಗರಕ್ಕೆ ಪ್ಲೇಗು ಬಂದಿತು. 1898ರಲ್ಲಿ ನಗರ ಸುಧಾರಣಾ ಟ್ರಸ್ಟು ಹುಟ್ಟಿತು. ಅದು ಹಾಕಿದ ಬಡಾವಣೆಗಳಲ್ಲಿ 1930 ಮತ್ತು 40ರ ದಶಕಗಳಲ್ಲಿ ಎದ್ದ ಮನೆಗಳು ಇಂದಿಗೂ ಅನೇಕವಿವೆ. ಎತ್ತರದ ಮಾಳಿಗೆ, ಅಂಚು ಕಟ್ಟಿದ ಚಿತ್ತಾರದ ಸಿಮೆಂಟು ನೆಲ, ಸಾಗುವಾನಿಯ ಕಿಟಕಿ, ಅದರ ಮೇಲೊಂದು ಗಾಳಿಕಿಂಡಿ, ಹಿಂಬದಿಗೆ ಅಡಿಗೆಮನೆ, ಅದರ ಮೂಲೆಯಲ್ಲಿ ಮೋರಿ: ಇದು ಅವುಗಳ ಸಾಮಾನ್ಯ ರೂಪ. ಮರೈನ್ ಡ್ರೈವಿನ ಇಂಥದೇ ಕಾಲದ ಕಟ್ಟಡಗಳನ್ನು 2018ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮವು ಆ ಪಟ್ಟಿಯಲ್ಲಿಲ್ಲ. ಆದರೂ ಕಾಲ ಅದೇ.

ಇಂಥ ಮನೆಯ ಅಡಿಗೆಮನೆಯನ್ನು ಸರಿಪಡಿಸಲು ಹೊರಟಾಗ ಎರಡು ಅತಿರೇಕಗಳು ಕಾಣುತ್ತವೆ. ಒಂದು, ನೆಲ ಕಿತ್ತು, ಕಿಂಡಿ ಮುಚ್ಚಿ, ಅಂಗಡಿಯವನ ಚಿತ್ರಪುಸ್ತಕದಲ್ಲಿದ್ದುದನ್ನು ಹಾಗೆಯೇ ತಂದು ಕೂಡಿಸುವುದು. ಇನ್ನೊಂದು, ಹಳೆಯದೆಂಬ ಒಂದೇ ಕಾರಣಕ್ಕೆ ಯಾವುದನ್ನೂ ಮುಟ್ಟಗೊಡದಿರುವುದು. ಮೊದಲನೆಯದರಿಂದ ಮನೆ ಕೆಡುತ್ತದೆ. ಎರಡನೆಯದರಿಂದ ಮನೆಯಾಕೆಯ ಮೊಣಕಾಲು ಕೆಡುತ್ತದೆ.

ಹಿಂದೆ ನೆಲದ ಮೇಲೆ ಕುಳಿತು ಬೇಯಿಸುತ್ತಿದ್ದುದು ಶಾಸ್ತ್ರಕ್ಕಾಗಿ ಮಾತ್ರವಲ್ಲ. ಇದ್ದಿಲಿನ ಶೆಗಡಿ, ಸೀಮೆಯೆಣ್ಣೆಯ ಸ್ಟವ್ ಇರುತ್ತಿದ್ದುದು ನೆಲದ ಮೇಲೆ. ಈಳಿಗೆಮಣೆ, ಒರಳುಗಳೂ ನೆಲದವೇ. 1950ರ ದಶಕದಲ್ಲಿ ಸಿಲಿಂಡರಿನ ಗ್ಯಾಸು ಬಂದ ಮೇಲೆ ಲೆಕ್ಕ ಬದಲಾಯಿತು. ಸಿಲಿಂಡರಿಗಿಂತ ಒಲೆ ಮೇಲಿರಬೇಕೆಂಬುದು ಸುರಕ್ಷತೆಯ ನಿಯಮ. ಒಲೆ ಮೇಲೇರಿತು, ಅಡಿಗೆ ಮಾಡುವವರೂ ಎದ್ದು ನಿಂತರು. ನಿಂತು ಅಡಿಗೆ ಮಾಡುವ ಯೋಚನೆ ಆ ಕಾಲದ ಕಟ್ಟಡಗಳಿಗೆ ಅಪರಿಚಿತವೂ ಅಲ್ಲ. 1926ರಲ್ಲೇ ಮಾರ್ಗರೇಟೆ ಶೂಟೆ-ಲಿಹೊಟ್ಸ್ಕಿ ಎಂಬ ವಾಸ್ತುಶಿಲ್ಪಿ ಜರ್ಮನಿಯ ಫ್ರಾಂಕ್‌ಫರ್ಟಿನ ಸಾಧಾರಣ ಮನೆಗಳಿಗಾಗಿ, ಹೆಂಗಸರ ಹೆಜ್ಜೆಗಳನ್ನು ಎಣಿಸಿ, ಪುಟ್ಟ ಅಡಿಗೆಮನೆಯೊಂದನ್ನು ರೂಪಿಸಿದ್ದರು. ಮನೆಯ ಕಾಲಕ್ಕೆ ಒಪ್ಪುವುದೆಂದರೆ ಕಷ್ಟವನ್ನೂ ಕಾಪಾಡುವುದಲ್ಲ.

ಪಗಡಿಯ ಮನೆಯಲ್ಲಿರುವ ನಮ್ಮವರಿಗೆ ಒಂದು ಭಯವುಂಟು: ಕಟ್ಟೆ ಕಟ್ಟಿದರೆ ಮಾಲೀಕ ಮನೆ ಬಿಡಿಸಿಯಾನೆ? 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ 16ನೆಯ ಕಲಮಿನ ವಿವರಣೆಯನ್ನು ಅವರು ಓದಬೇಕು. ಒಪ್ಪಿಗೆಯಿಲ್ಲದೆ ಶಾಶ್ವತ ಕಟ್ಟಡ ಎಬ್ಬಿಸಿದರೆ ಮನೆ ಬಿಡಿಸಬಹುದು, ನಿಜ. ಆದರೆ ನಗರಸಭೆಯ ಅನುಮತಿ ಅಗತ್ಯವಾದಲ್ಲಿ ಅದನ್ನು ಪಡೆದು ಮಾಡಿದ ನಿಂತು ಅಡಿಗೆ ಮಾಡುವ ಕಟ್ಟೆ, ಗಾಳಿಗಾಗಿ ತೆರೆದ ಕಿಟಕಿ, ಹೊಗೆಯ ಚಿಮಣಿ ಇವು ಶಾಶ್ವತ ಕಟ್ಟಡವಾಗುವುದಿಲ್ಲ. ಅಡಿಗೆ ಮಾಡುವವರ ಬೆನ್ನುನೋವು ಕಾಯಿದೆ ಬರೆದವರಿಗೂ ತಿಳಿದಿತ್ತೆಂದಾಯಿತು! ಗೋಡೆ ಒಡೆಯುವುದು ಬೇರೆ ಮಾತು. ಎಂಜಿನಿಯರರನ್ನು ಕೇಳದೆ ಅದಕ್ಕೆ ಕೈ ಹಾಕಬಾರದು.

ಇನ್ನು ಏನನ್ನು ಉಳಿಸಬೇಕು? ಮೊದಲು ಗಾಳಿಕಿಂಡಿ. ಕೊಳವೆಯಲ್ಲಿ ಬರುವ ಗ್ಯಾಸು ಗಾಳಿಗಿಂತ ಹಗುರ, ಸೋರಿದರೆ ಮೇಲಕ್ಕೇರುತ್ತದೆ. ಹೊರಹೋಗಲು ಆ ಕಿಂಡಿಯೇ ದಾರಿ. ಸಿಲಿಂಡರಿನದು ಭಾರ, ಕೆಳಗೆ ನಿಲ್ಲುತ್ತದೆ. ಅದಕ್ಕೆ ತಗ್ಗಿನಲ್ಲಿಯೂ ತೆರಪು ಬೇಕು. ಎರಡನೆಯದು ನೆಲ. ಒಡೆದ ಟೈಲುಗಳನ್ನಷ್ಟೇ ಬದಲಿಸಬಹುದು. 1922ರಲ್ಲಿ ಸ್ವದೇಶಿಯ ಉತ್ಸಾಹದಲ್ಲಿ ಆರಂಭವಾದ ಭಾರತ್ ಫ್ಲೋರಿಂಗ್ಸಿನವರು ಇಂಥ ಚಿತ್ತಾರದ ಟೈಲುಗಳನ್ನು ಈಗಲೂ ಮಾಡುತ್ತಾರೆ. ಆದರೆ ಈ ನೆಲಕ್ಕೆ ಆಸಿಡ್ ತಾಗಕೂಡದು; ಹುಣಿಸೆ, ನಿಂಬೆಯ ರಸ ಚೆಲ್ಲಿದರೂ ಕೂಡಲೆ ಒರೆಸಬೇಕು. ಮೂರನೆಯದು ಮೋರಿ. ದೊಡ್ಡ ಪಾತ್ರೆ ತಿಕ್ಕಲು ಅದರಷ್ಟು ಅನುಕೂಲ ಯಾವ ಸಿಂಕಿನಲ್ಲಿಯೂ ಇಲ್ಲ.

ಕಟ್ಟೆಗೆ ಕಡಪದ ಕಲ್ಲೊ ಕರಿಯ ಗ್ರಾನೈಟೊ ಸಾಕು. ಎರಡೂ ಇಂಥ ನೆಲಕ್ಕೆ ಹೊಂದುತ್ತವೆ. ಬೀರುಗಳ ಬಾಗಿಲು ಮನೆಯ ಇತರ ಬಾಗಿಲುಗಳಂತೆ ಸರಳ ಚೌಕಟ್ಟಿನದಾಗಿರಲಿ. ಕಿಟಕಿಯ ಬೆಳಕಿಗೆ ಅಡ್ಡವಾಗಿ ಯಾವ ಬೀರೂ ಬೇಡ.

ಎತ್ತರವೆಷ್ಟು? ಇದಕ್ಕೆ ಅಂಗಡಿಯವನ ಅಳತೆ ಬೇಡ. ಅಡಿಗೆ ಮಾಡುವವರು ನಿಂತು ಮೊಣಕೈ ಮಡಿಸಲಿ. ಅದಕ್ಕಿಂತ 4ರಿಂದ 6 ಅಂಗುಲ ಕೆಳಗೆ ಕಟ್ಟೆಯಿರಲಿ. ಅತ್ತೆಯವರಿಗೆ ಕುಳಿತು ಕಾಯಿ ತುರಿಯುವ ಅಭ್ಯಾಸವಿದ್ದರೆ, ಅಷ್ಟು ನೆಲವನ್ನು ಬೀರು ಹಾಕದೆ ಬಿಡೋಣ. ಸೊಸೆಗೆ ಕಟ್ಟೆ, ಅತ್ತೆಗೆ ಮಣೆ. ಎರಡಕ್ಕೂ ಎಡೆಯಿರುವ ಅಡಿಗೆಮನೆಯೇ ಹಳೆಯ ಮನೆಗೆ ಒಪ್ಪುವ ಅಡಿಗೆಮನೆ.

ಕೊನೆಯದಾಗಿ ಒಂದು ವಿಜ್ಞಾಪನೆ. ನಮ್ಮ ಮನೆಗಳಲ್ಲಿ ಗುತ್ತಿಗೆದಾರನೊಡನೆ ಹೊರಕೋಣೆಯಲ್ಲಿ ಕುಳಿತು ಬಣ್ಣ, ಬೆಲೆ ನಿರ್ಧರಿಸುವವರು ಗಂಡಸರು. ದಿನಕ್ಕೆ ನಾಲ್ಕೈದು ಗಂಟೆ ಒಳಗೆ ನಿಲ್ಲುವವರು ಹೆಂಗಸರು. ಚಹ ತಂದಿಟ್ಟು ಒಳಗೆ ಹೋಗುವವರನ್ನು ಕರೆದು ಕುಳ್ಳಿರಿಸಿ, ಮೊದಲು ಅವರ ಮಾತು ಕೇಳೋಣ. ಆಮೇಲೆ ಕಾಸು ಎಣಿಸೋಣ. ಹಣ ಕಡಿಮೆ ಬಿದ್ದರೆ ಬೀರುಗಳು ಮುಂದಿನ ವರ್ಷಕ್ಕೆ ನಿಲ್ಲಲಿ; ಕಟ್ಟೆಯ ಎತ್ತರವೂ ಗಾಳಿಯ ದಾರಿಯೂ ಈ ವರ್ಷವೇ ಸರಿಯಾಗಲಿ.