ದೆವ್ವದ ಕಥೆಗಳನ್ನು ಮಕ್ಕಳು ಓದಬಹುದೇ?



ಹದಿಹರೆಯದವರ ಓದಿನ ಬಗ್ಗೆ ನಾಲ್ಕು ಮಾತಾಡಿ ಎಂದು ಸಂಘಟಕರು ಹೇಳಿದರು. ನಾನು ದೆವ್ವದ ಕಥೆಗಳ ವಿಷಯ ಆರಿಸಿಕೊಂಡೆ. ಸುವರ್ಣ ಮಹೋತ್ಸವದಲ್ಲಿ ದೆವ್ವದ ಮಾತೇ ಎಂದು ಹಿರಿಯರು ಹುಬ್ಬೇರಿಸಬಹುದು. ಆದರೆ ಪುಸ್ತಕ ಮುಟ್ಟದ ಹುಡುಗರೂ ದೆವ್ವದ ಕಥೆ ಸಿಕ್ಕರೆ ಕಂದೀಲು ಆರಿದರೂ ಓದುತ್ತಾರೆ. ಯಾಕೆ ಹೀಗೆ? ಇದರಿಂದ ಅವರಿಗೆ ಒಳ್ಳೆಯದೋ ಕೆಟ್ಟದ್ದೋ? ತಂದೆ ತಾಯಿಯರೂ ಶಿಕ್ಷಕರೂ ಕೇಳಿಕೊಳ್ಳಲೇಬೇಕಾದ ಪ್ರಶ್ನೆ ಇದು.

ಮೊದಲು ನನ್ನ ಕಸುಬಿನಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ನಾವು ಬರೆದ ಸಾಫ್ಟ್‌ವೇರನ್ನು ನೇರವಾಗಿ ಬ್ಯಾಂಕಿಗೋ ಆಸ್ಪತ್ರೆಗೋ ಕೊಡುವುದಿಲ್ಲ. ಮೊದಲು ಟೆಸ್ಟ್ ಸರ್ವರಿನಲ್ಲಿ ಹಾಕಿ, ಬೇಕೆಂದೇ ತೊಂದರೆ ಕೊಟ್ಟು ನೋಡುತ್ತೇವೆ. ಅಲ್ಲಿ ಕೆಟ್ಟರೆ ಯಾರಿಗೂ ನಷ್ಟವಿಲ್ಲ. ದೆವ್ವದ ಕಥೆ ಭಯಕ್ಕೆ ಒಂದು ಟೆಸ್ಟ್ ಸರ್ವರ್ ಇದ್ದ ಹಾಗೆ. ಎದೆ ಡವಡವ ಎನ್ನುತ್ತದೆ, ಅಂಗೈ ಬೆವರುತ್ತದೆ. ಆದರೆ ಪುಸ್ತಕ ಮುಚ್ಚುವ ಅಧಿಕಾರ ಓದುವವರ ಕೈಯಲ್ಲೇ ಇದೆ. ಪರೀಕ್ಷೆ, ಮನೆಯ ಸಾಲ, ಅಪ್ಪ ಅಮ್ಮನ ಜಗಳ, ಅಜ್ಜಿಯ ಸಾವು, ಈ ಭಯಗಳನ್ನು ಹಾಗೆ ಮುಚ್ಚಿಡಲು ಬರುವುದಿಲ್ಲ. ಮುಚ್ಚಬಹುದಾದ ಭಯದಲ್ಲಿ ಅಭ್ಯಾಸ ಮಾಡಿದ ಮಗು ಮುಚ್ಚಲಾಗದ ಭಯದ ಎದುರು ಸ್ವಲ್ಪ ಗಟ್ಟಿಯಾಗಿ ನಿಲ್ಲುತ್ತದೆ.

ಹದಿನಾಲ್ಕು ಹದಿನೈದರ ವಯಸ್ಸಿಗೇ ಈ ಹುಚ್ಚು ಯಾಕೆ ಹೆಚ್ಚು? ಆ ವಯಸ್ಸಿನಲ್ಲಿ ದನಿ ಒಡೆಯುತ್ತದೆ, ಮೈ ಬದಲಾಗುತ್ತದೆ, ಕನ್ನಡಿಯಲ್ಲಿ ಕಾಣುವ ಮುಖ ತನ್ನದೇ ಎನಿಸುವುದಿಲ್ಲ. ಇತ್ತ ಮಕ್ಕಳೂ ಅಲ್ಲ, ಅತ್ತ ದೊಡ್ಡವರೂ ಅಲ್ಲ. ದೆವ್ವವೂ ಹಾಗೇ, ಇತ್ತ ಬದುಕಿಲ್ಲ, ಅತ್ತ ಪೂರ್ತಿ ಸತ್ತಿಲ್ಲ. ನಡುವೆ ಸಿಕ್ಕಿಕೊಂಡವರ ಸಂಕಟ ನಡುವೆ ಇರುವವರಿಗೆ ಬೇಗ ತಿಳಿಯುತ್ತದೆ.

ಇದಕ್ಕೆ ದೊಡ್ಡ ಸಾಕ್ಷಿ ಹದಿನೆಂಟು ವರ್ಷದ ಒಬ್ಬ ಹುಡುಗಿ. 1815ರಲ್ಲಿ ಇಂಡೋನೇಷ್ಯಾದ ತಾಂಬೋರಾ ಜ್ವಾಲಾಮುಖಿ ಸಿಡಿದು, ಅದರ ಧೂಳಿನಿಂದಾಗಿ ಮರುವರ್ಷ ಯುರೋಪಿನಲ್ಲಿ ಬೇಸಿಗೆಯೇ ಬರಲಿಲ್ಲ. 1816ರ ಆ ಮಳೆಗಾಲದಂಥ ಬೇಸಿಗೆಯಲ್ಲಿ ಜಿನೀವಾ ಸರೋವರದ ದಡದ ಮನೆಯೊಂದರಲ್ಲಿ ಕವಿ ಬೈರನ್ ತನ್ನ ಗೆಳೆಯರಿಗೆ, ಎಲ್ಲರೂ ಒಂದೊಂದು ದೆವ್ವದ ಕಥೆ ಬರೆಯೋಣ ಎಂದ. ಆ ಗುಂಪಿನಲ್ಲಿದ್ದ ಮೇರಿ ಆಗ ಬರೆಯಲು ತೊಡಗಿದ್ದೇ ‘ಫ್ರಾಂಕನ್‌ಸ್ಟೈನ್’. 1818ರಲ್ಲಿ ಅದು ಅಚ್ಚಾದಾಗ ಲೇಖಕಿಯ ಹೆಸರೇ ಪುಸ್ತಕದಲ್ಲಿರಲಿಲ್ಲ. ಮೇರಿ ಶೆಲ್ಲಿಯನ್ನು ಹೆತ್ತ ಕೆಲವೇ ದಿನಗಳಲ್ಲಿ ಆಕೆಯ ತಾಯಿ ತೀರಿಕೊಂಡಿದ್ದರು. 1815ರಲ್ಲಿ ಮೇರಿಯ ಎಳೆಗೂಸೂ ತೀರಿಕೊಂಡಿತ್ತು. ಹುಟ್ಟು ಸಾವುಗಳನ್ನು ಅಷ್ಟು ಹತ್ತಿರದಿಂದ ಕಂಡ ಹುಡುಗಿ ಬರೆದದ್ದು, ಸತ್ತವರ ಅಂಗಾಂಗ ಜೋಡಿಸಿ ಒಬ್ಬ ವಿದ್ಯಾರ್ಥಿ ಜೀವ ಕೊಟ್ಟ ಜೀವಿಯ ಕಥೆ.

ಫ್ರಾಂಕನ್‌ಸ್ಟೈನ್ ಎಂಬುದು ಆ ವಿದ್ಯಾರ್ಥಿಯ ಹೆಸರು. ಜೀವಿಗೆ ಹೆಸರೇ ಇಲ್ಲ. ಅದು ಒಂದು ಬಡ ಕುಟುಂಬವನ್ನು ಗೋಡೆಯ ಸಂದಿಯಿಂದ ನೋಡುತ್ತ ಮಾತು ಕಲಿಯುತ್ತದೆ, ಓದು ಕಲಿಯುತ್ತದೆ. ಆ ಮನೆಯ ಕುರುಡು ಮುದುಕ ಅದರೊಂದಿಗೆ ಪ್ರೀತಿಯಿಂದ ಮಾತಾಡುತ್ತಾನೆ. ಕಣ್ಣಿದ್ದವರು ಬಂದ ಕೂಡಲೇ ಹೊಡೆದು ಓಡಿಸುತ್ತಾರೆ. ಮೈಬಣ್ಣಕ್ಕೋ ಮೊಡವೆಗೋ ಜಾತಿಗೋ ಹರಿದ ಅಂಗಿಗೋ ನಗೆಪಾಟಲಾದ ಯಾವ ಹುಡುಗ, ಯಾವ ಹುಡುಗಿಗೆ ಇದು ಅರ್ಥವಾಗುವುದಿಲ್ಲ? ಹೆದರಲೆಂದು ತೆರೆದ ಪುಸ್ತಕದಲ್ಲಿ ಅವರಿಗೆ ಆ ಜೀವಿಯ ಮೇಲೆ ಮರುಕ ಹುಟ್ಟುತ್ತದೆ.

ಅಷ್ಟು ದೂರ ಹೋಗುವುದೂ ಬೇಡ. ಚಂದಮಾಮ ಓದಿದ ಹಿರಿಯರು ಇಲ್ಲಿ ಬಹಳ ಜನ ಇದ್ದೀರಿ. ಕತ್ತಿ ಹಿರಿದು ಹೆಗಲ ಮೇಲೆ ಹೆಣ ಹೊತ್ತು ನಡೆಯುವ ರಾಜನ ಚಿತ್ರ ನಿಮ್ಮ ಕಣ್ಣಿಗೆ ಕಟ್ಟಿದಂತಿದೆ ಅಲ್ಲವೇ? ಬೇತಾಳನ ಇಪ್ಪತ್ತೈದು ಕಥೆಗಳು ಹನ್ನೊಂದನೇ ಶತಮಾನದಲ್ಲಿ ಕಾಶ್ಮೀರದ ಸೋಮದೇವ ಬರೆದ ‘ಕಥಾಸರಿತ್ಸಾಗರ’ದಲ್ಲಿವೆ. ಸ್ಮಶಾನ, ನಡುರಾತ್ರಿ, ಹೆಗಲ ಮೇಲೆ ಹೆಣ. ಆದರೆ ಬೇತಾಳ ಮಾಡುವುದೇನು? ಕಥೆ ಹೇಳುತ್ತಾನೆ, ಕೊನೆಗೆ ನ್ಯಾಯದ ಪ್ರಶ್ನೆ ಕೇಳುತ್ತಾನೆ. ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಹೋಳಾಗುತ್ತದೆ ಎಂಬ ಷರತ್ತು ಬೇರೆ. ಗೊತ್ತಿದ್ದೂ ಬಾಯಿ ಬಿಡದವನಿಗೆ ಶಿಕ್ಷೆ! ಇದಕ್ಕಿಂತ ಒಳ್ಳೆಯ ಪಾಠ ಯಾವ ತರಗತಿಯಲ್ಲಿದೆ?

ಇನ್ನೂ ಮುಖ್ಯವಾದದ್ದು ಕೊನೆಯಲ್ಲಿದೆ. ಕೊನೆಯ ಪ್ರಶ್ನೆಗೆ ರಾಜನಿಗೆ ಉತ್ತರ ತೋಚದೆ ಸುಮ್ಮನಾಗುತ್ತಾನೆ. ಆಗ ಬೇತಾಳ ಮೆಚ್ಚಿ, ಹೆಣ ತರಲು ಕಳಿಸಿದ ಆ ಸನ್ಯಾಸಿ ನಿನ್ನನ್ನೇ ಬಲಿ ಕೊಡಲಿದ್ದಾನೆ, ಎಚ್ಚರ ಎಂದು ಹೇಳುತ್ತಾನೆ. ಗಮನಿಸಿ, ಇಷ್ಟು ಹೊತ್ತು ನಾವು ಹೆದರಿದ್ದ ಬೇತಾಳ ರಾಜನ ಜೀವ ಉಳಿಸಿತು. ನಿಜವಾಗಿ ಹೆದರಬೇಕಾಗಿದ್ದುದು ಕೈಯಲ್ಲಿ ಹಣ್ಣು ಹಿಡಿದು, ಸವಿಮಾತಾಡುತ್ತ ಆಸ್ಥಾನಕ್ಕೆ ಬಂದಿದ್ದ ಮನುಷ್ಯನಿಗೆ.

ಊರಿನ ಹಿರಿಯರಿಗೆ ನಾನು ವಿನಂತಿಸುವುದೂ ಇದನ್ನೇ. ದೆವ್ವದ ಕಥೆ ಬೇರೆ, ದೆವ್ವದ ನಂಬಿಕೆ ಬೇರೆ. 1990ರ ದಶಕದಲ್ಲಿ ಬೆಂಗಳೂರಿನಲ್ಲೂ ಅನೇಕ ಊರುಗಳಲ್ಲೂ ಜನ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದದ್ದು ನಿಮಗೆ ನೆನಪಿರಬಹುದು. ರಾತ್ರಿ ಬಂದು ಬಾಗಿಲು ತಟ್ಟುವ ದೆವ್ವ ಅದನ್ನು ಓದಿ ಹಿಂದಿರುಗುತ್ತದಂತೆ. ದಿನವೂ ಬಂದು ದಿನವೂ ಮೋಸ ಹೋಗುವ ದೆವ್ವ! ಕಥೆಯಾಗಿ ಇದು ಸೊಗಸು. ಇಂಥದೇ ಎಳೆ ಹಿಡಿದು 2018ರಲ್ಲಿ ‘ಸ್ತ್ರೀ’ ಎಂಬ ಹಿಂದಿ ಸಿನಿಮಾ ಬಂತು, ಜನ ನಕ್ಕು ನಕ್ಕು ನೋಡಿದರು. ಆದರೆ ಮನೆಯ ಹುಡುಗಿ ಊಟ ಬಿಟ್ಟು ಮಂಕಾಗಿ ಕುಳಿತಾಗ, ಗಾಳಿ ಮೆಟ್ಟಿಕೊಂಡಿದೆ ಎಂದು ಮಂತ್ರವಾದಿಯ ಬಳಿಗೆ ಎಳೆದೊಯ್ದರೆ ಅದು ಕಥೆಯಲ್ಲ, ಕ್ರೌರ್ಯ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಕಟ್ಟಿಹಾಕುವುದು ಅಪರಾಧ ಎಂದು ನಮ್ಮ ರಾಜ್ಯದಲ್ಲಿ 2020ರಿಂದ ಕಾನೂನೇ ಜಾರಿಯಲ್ಲಿದೆ. ಆ ಹುಡುಗಿಗೆ ಬೇಕಾದದ್ದು ಕೇಳುವ ಒಂದು ಕಿವಿ, ಬೇಕಾದರೆ ಒಬ್ಬ ವೈದ್ಯರು.

ಬೇತಾಳನ ಕಥೆಯನ್ನು ಕೊನೆತನಕ ಓದಿದ ಮಗು ಇಂಥ ಕಡೆ ಪ್ರಶ್ನೆ ಕೇಳುತ್ತದೆ. ಈ ದೆವ್ವದ ಮಾತಿನಿಂದ ಯಾರಿಗೆ ಲಾಭ? ಯಾರ ಬಾಯಿ ಮುಚ್ಚಿಸಲು ಇದನ್ನು ಹೇಳುತ್ತಿದ್ದಾರೆ? ಹೀಗೆ ಕೇಳುವ ಮಕ್ಕಳು ಊರಿಗೆ ಬೇಕು.

ಹಾಗೆಂದು ಎಲ್ಲ ಪುಸ್ತಕವೂ ಎಲ್ಲರಿಗೂ ಅಲ್ಲ. ಬರೀ ರಕ್ತ ಚೆಲ್ಲುವುದೇ ಕಥೆಯಾದರೆ ಅದರಲ್ಲಿ ಹುರುಳಿಲ್ಲ. ಓದಿ ರಾತ್ರಿ ನಿದ್ದೆಗೆಡುವ ಮಗುವಿಗೆ ಒತ್ತಾಯವೂ ಬೇಡ. ಶಿಕ್ಷಕರು ಜೊತೆಗೆ ಕುಳಿತು, ನಿನಗೆ ಎಲ್ಲಿ ಭಯವಾಯಿತು, ಯಾಕಾಯಿತು ಎಂದು ಕೇಳಿದರೆ ಸಾಕು. ದೆವ್ವದಿಂದ ಶುರುವಾದ ಮಾತು ಎಷ್ಟೋ ಸಲ ಮಗುವಿನ ಮನೆಯ ತನಕ ಹೋಗುತ್ತದೆ.

ನಮ್ಮ ಬ್ಯಾಚಿನವರೆಲ್ಲ ಸೇರಿ ಶಾಲೆಯ ಗ್ರಂಥಾಲಯಕ್ಕೆ ಒಂದು ಕಪಾಟು ಪುಸ್ತಕ ಕೊಡುತ್ತಿದ್ದೇವೆ. ವಿಜ್ಞಾನ, ಗಣಿತ, ಜೀವನಚರಿತ್ರೆಗಳ ಜೊತೆ ಬೇತಾಳನಿಗೂ ಅಲ್ಲಿ ಜಾಗವಿದೆ. ಗುರುಗಳಲ್ಲಿ ನನ್ನದೊಂದೇ ಪ್ರಾರ್ಥನೆ, ಆ ಕಪಾಟಿಗೆ ಬೀಗ ಹಾಕಬೇಡಿ. ಮಕ್ಕಳು ಪುಸ್ತಕ ಹರಿದರೆ ಹೊಸದು ತಂದುಕೊಡುವ ಹೊಣೆ ನಮ್ಮದು.