ಸುಲಿದ ಚರ್ಮ, ಜಾತ್ರೆಯ ಬಿಸಿಲು

ಹೋಳಿ ಹುಣ್ಣಿಮೆ ಕಳೆದು ಶರಣಬಸವೇಶ್ವರರ ರಥೋತ್ಸವ ಬಂದಿತೆಂದರೆ ಕಲಬುರಗಿಯ ಬಿಸಿಲೂ ಏರತೊಡಗಿತೆಂದೇ ಲೆಕ್ಕ. ಅಂಥದೊಂದು ಜಾತ್ರೆಯ ದಿನ ದೇವಸ್ಥಾನದ ಅಂಗಳದಲ್ಲಿ ಪರಿಚಿತ ಹೆಣ್ಣುಮಗಳೊಬ್ಬಳು ಮೋರೆಯ ತುಂಬ ಸೆರಗೆಳೆದುಕೊಂಡು ನಿಂತಿದ್ದಳು. ಆಕೆಯ ತಾಯಿ ನನ್ನನ್ನು ಪಕ್ಕಕ್ಕೆ ಕರೆದು, "ಡಾಕ್ಟರ್ ಸಾಹೇಬ್ರ, ಲಗ್ನಕ್ಕ ಹದಿನೈದು ದಿನ ಉಳದಾವ. ಇದು ಹೋಗ್ತದೇನ್ರಿ?" ಎಂದು ಕೇಳಿದರು. ಸೆರಗು ಸರಿಸಿದಾಗ ಎರಡೂ ಕೆನ್ನೆಗಳ ಮೇಲೆ ಸುಟ್ಟಂತಹ ಕಂದು ಕಲೆಗಳು ಕಂಡವು. ಯಾವುದೋ ಮಳಿಗೆಯಲ್ಲಿ ಮುಖಕ್ಕೆ ಆಮ್ಲ ಹಚ್ಚಿಸಿಕೊಂಡಿದ್ದಳು. ಏಳುತ್ತಿದ್ದ ಸಿಪ್ಪೆಯನ್ನು ಉಗುರಿನಿಂದ ಕಿತ್ತಿದ್ದಳು. ಲಗ್ನದ ಸಾಮಾನಿಗೆಂದು ನಡುಹಗಲಿನಲ್ಲಿ ಬಜಾರ ತಿರುಗಿದ್ದಳು.

'ಕೆಮಿಕಲ್ ಪೀಲ್' ಎಂಬ ಈ ಚಿಕಿತ್ಸೆ ತೀರ ಹೊಸದೇನಲ್ಲ. ಸ್ಯಾಲಿಸಿಲಿಕ್ ಆಮ್ಲ, ಫೀನಾಲ್ ಮೊದಲಾದವು ಚರ್ಮದ ಮೇಲೆ ನಡೆಸುವ ಕಾರ್ಯವನ್ನು ಜರ್ಮನಿಯ ವೈದ್ಯ ಪಾಲ್ ಉನ್ನಾ 1882ರಲ್ಲಿಯೇ ವಿವರಿಸಿದ್ದನು. ಕಬ್ಬಿನಲ್ಲಿರುವ ಗ್ಲೈಕಾಲಿಕ್ ಆಮ್ಲ, ಮೊಸರಿನಲ್ಲಿರುವ ಲ್ಯಾಕ್ಟಿಕ್ ಆಮ್ಲಗಳೂ ಇಂದು ಬಳಕೆಯಲ್ಲಿವೆ. ಇವು ಚರ್ಮದ ಮೇಲ್ಪದರವನ್ನು ಸಡಿಲಗೊಳಿಸಿ ಉದುರಿಸುತ್ತವೆ. ಕೆಳಗಿನಿಂದ ಹೊಸ ಪದರ ಬೆಳೆಯುತ್ತದೆ. ಆಮ್ಲದ ತೀಕ್ಷ್ಣತೆಯೂ ಅದನ್ನು ಬಿಡುವ ಹೊತ್ತೂ ಹೆಚ್ಚಿದಷ್ಟು ಅದು ಆಳಕ್ಕೆ ಇಳಿಯುತ್ತದೆ.

ಅಪಾಯವಿರುವುದು ಇಲ್ಲಿಯೇ. ನಮ್ಮಂಥ ಕಂದು ಮೈಬಣ್ಣದವರಲ್ಲಿ ವರ್ಣಕೋಶಗಳು ಬಹಳ ಚುರುಕು. ಚರ್ಮ ಉರಿದು ಕೆಂಪಾದಲ್ಲಿ ಅವು ಕಪ್ಪನ್ನು ಸುರಿಯುತ್ತವೆ. ಕಲೆ ಕಳೆಯಹೋಗಿ ಕಲೆ ತಂದುಕೊಂಡಂತಾಗುತ್ತದೆ. ಸುಟ್ಟ ಗಾಯ, ಕೀವು, ಬಾಯಿಯ ಸುತ್ತ ಸುಪ್ತವಾಗಿದ್ದ ಹರ್ಪಿಸ್ ಗುಳ್ಳೆಗಳು ಮರುಕಳಿಸುವುದು, ಇವೂ ಉಂಟು. ಫೀನಾಲ್ ರಕ್ತಕ್ಕಿಳಿದರೆ ಹೃದಯದ ಬಡಿತವನ್ನೇ ಕೆಡಿಸಬಲ್ಲದು. ಆದ್ದರಿಂದ ಆಳವಾದ ಪೀಲ್ ನಮ್ಮ ಚರ್ಮಕ್ಕೆ ಸಲ್ಲದು. ಮೇಲುಮೇಲಿನದನ್ನೂ ಚರ್ಮವೈದ್ಯರಲ್ಲಿಯೇ ಮಾಡಿಸಿಕೊಳ್ಳಬೇಕು. ಮೊಡವೆಗೆ ನುಂಗುವ ಐಸೋಟ್ರೆಟಿನೊಯಿನ್ ಮಾತ್ರೆ, ಹಚ್ಚಿಕೊಳ್ಳುತ್ತಿರುವ ಸ್ಟಿರಾಯ್ಡ್ ಮುಲಾಮು, ಬಸಿರು, ಇವನ್ನು ವೈದ್ಯರಿಂದ ಮುಚ್ಚಿಡಬಾರದು.

ಅನಂತರದ ಆರೈಕೆ ಚಿಕಿತ್ಸೆಯಷ್ಟೇ ಮುಖ್ಯ. ಸಿಪ್ಪೆ ತಾನಾಗಿ ಉದುರಲಿ, ಕೀಳಬೇಡಿ. ಸೌಮ್ಯ ಸಾಬೂನಿನಿಂದ ಮೃದುವಾಗಿ ತೊಳೆದು ತೇವ ಕಾಯುವ ಮುಲಾಮು ಹಚ್ಚಿ. ಉಜ್ಜುವ ಹಿಟ್ಟು, ನಿಂಬೆರಸ, ಸುಗಂಧದ ಲೇಪಗಳನ್ನು ದೂರವಿಡಿ. ಬಿಸಿಲಿಗೆ ಹೋಗಲೇಬೇಕಾದರೆ ಸನ್‌ಸ್ಕ್ರೀನ್ ಜೊತೆಗೆ ಕೊಡೆಯೂ ಇರಲಿ. ನೋವು ಹೆಚ್ಚಿದರೆ, ಗುಳ್ಳೆ ಎದ್ದರೆ, ಕೀವು ಕಂಡರೆ ಮರುದಿನಕ್ಕೆ ಕಾಯಬೇಡಿ. ಲಗ್ನ ಹತ್ತಿರವಿದ್ದಾಗ ಮೊದಲ ಸಲದ ಪ್ರಯೋಗವನ್ನಂತೂ ಮಾಡಲೇಬೇಡಿ.

ಇನ್ನೊಂದು ಮಾತನ್ನು ಹೇಳದಿದ್ದರೆ ಈ ಭಾಷಣ ಅಪ್ರಾಮಾಣಿಕವಾದೀತು. ವರ್ಷದ ಹಿಂದೆ ಆ ಹುಡುಗಿ ಮೊಡವೆಯ ಕಲೆಗೆಂದು ನನ್ನಲ್ಲಿಗೇ ಬಂದಿದ್ದಳು. ಕೈಯಲ್ಲಿ ಬೇರೆ ರೋಗಿಗಳಿದ್ದರು. "ತಾನಾಗೇ ಹೋಗ್ತದವ್ವ" ಎಂದು ಕಳುಹಿಸಿಬಿಟ್ಟಿದ್ದೆ. ಎರಡು ನಿಮಿಷ ಕುಳಿತು ಕೇಳಿದ್ದರೆ ಆಕೆ ಮಳಿಗೆಯ ಬಾಗಿಲಿಗೆ ಹೋಗುತ್ತಿದ್ದಳೇ? ನಾನರಿಯೆ.

ಅಂದು ಆಕೆ ಕೇಳಿದ್ದು ಒಂದೇ ಪ್ರಶ್ನೆ: "ಫೋಟೋದಾಗ ಕಾಣ್ತದೇನ್ರಿ?" "ಕಾಣ್ತದವ್ವ. ಆದ್ರ ತಿಂಗಳುಗಟ್ಟಲೆ ಜೋಪಾನ ಮಾಡಿದ್ರ ತಿಳಿ ಆಗ್ತದ" ಎಂದೆ. ಅಷ್ಟರಲ್ಲಿ ತೇರು ಕದಲಿತು. ಜನರೆಲ್ಲ ಕೈಮುಗಿದರು. ಆಕೆಯೂ ಸೆರಗನ್ನು ಬಿಟ್ಟು ಎರಡೂ ಕೈ ಜೋಡಿಸಿದಳು.