ಕೈಯ ಹಾಡಿಗೆ ಕಾಲಿನ ಆಸರೆ
(ಸಂತ ಸಿಸಿಲಿಯಾರ ಹಬ್ಬದ ಪ್ರಬೋಧನೆ)



ಇಂದು ನವೆಂಬರ್ 22. ಕನ್ಯೆಯೂ ರಕ್ತಸಾಕ್ಷಿಯೂ ಆದ ಸಂತ ಸಿಸಿಲಿಯಾರ ಹಬ್ಬ. ರೋಮ್ ನಗರದ ಈ ಸಂತರನ್ನು ಸಂಗೀತಗಾರರ ಪಾಲಕಿಯೆಂದು ಧರ್ಮಸಭೆ ಗೌರವಿಸುತ್ತದೆ. ಮದುವೆಯ ದಿನ ಸುತ್ತಲೂ ವಾದ್ಯಗಳು ಮೊಳಗುತ್ತಿದ್ದಾಗ ಅವರು ತಮ್ಮ ಹೃದಯದಲ್ಲಿ ದೇವರಿಗೆ ಹಾಡಿಕೊಳ್ಳುತ್ತಿದ್ದರೆಂದು ಪರಂಪರೆ ಹೇಳುತ್ತದೆ. ಹೊರಗಿನ ವಾದ್ಯ ಒಂದು, ಒಳಗಿನ ಹಾಡು ಇನ್ನೊಂದು. ಎರಡೂ ಕೂಡಿದಾಗಲೇ ಆರಾಧನೆ.

ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಹೊರಡಿಸಿದ ಪವಿತ್ರ ಆರಾಧನಾವಿಧಿಯ ಸಂವಿಧಾನದಲ್ಲಿ ಕೊಳವೆಗಳ ಆರ್ಗನ್ ವಾದ್ಯಕ್ಕೆ ಹಿರಿಯ ಸ್ಥಾನ ಕೊಟ್ಟಿತು. ಆರಾಧನೆಗೆ ತಕ್ಕುದಾದ ಬೇರೆ ವಾದ್ಯಗಳಿಗೂ ಬಾಗಿಲು ತೆರೆಯಿತು. ಹಾಗೆ ಬಂದ ಕೀಬೋರ್ಡ್ ನಮ್ಮ ದೇವಾಲಯದಲ್ಲೂ ಇದೆ. ಆ ಕೀಬೋರ್ಡಿನ ಬಳಿ ನಾವು ಕಲಿತ ಒಂದು ಪಾಠವನ್ನು ಇಂದು ನಿಮ್ಮ ಮುಂದಿಡುತ್ತೇವೆ. ಅದು ನಮ್ಮ ತಪ್ಪಿನ ಕಥೆಯೂ ಹೌದು.

ಕೀಬೋರ್ಡಿನಲ್ಲಿ ಬೆರಳು ಎತ್ತಿದೊಡನೆ ಸ್ವರ ನಿಂತುಬಿಡುತ್ತದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಕೈ ದಾಟುವಾಗ ನಡುವೆ ಹಾಡು ತುಂಡಾಗುತ್ತದೆ. ಅದಕ್ಕಾಗಿ ಕಾಲಿನ ಕೆಳಗೆ ಸಸ್ಟೇನ್ ಪೆಡಲ್ ಇಡುತ್ತಾರೆ. ಕಾಲು ಒತ್ತಿಹಿಡಿದಷ್ಟು ಹೊತ್ತು ಸ್ವರ ಉಳಿಯುತ್ತದೆ, ಕಾಲು ಎತ್ತಿದರೆ ನಿಲ್ಲುತ್ತದೆ. ಅದರ ತಂತಿಯನ್ನು ಕೀಬೋರ್ಡಿನ ಹಿಂಬದಿಗೆ ಸಿಕ್ಕಿಸಬೇಕು. ಇದಕ್ಕೊಂದು ಕ್ರಮವಿದೆ. ಕೀಬೋರ್ಡ್ ಆಫ್ ಇರುವಾಗಲೇ ಪೆಡಲ್ ಸಿಕ್ಕಿಸಬೇಕು, ಕಾಲನ್ನು ಪೆಡಲಿನಿಂದ ದೂರವಿಡಬೇಕು, ಆಮೇಲೆ ಸ್ವಿಚ್ ಒತ್ತಬೇಕು. ಏಕೆಂದರೆ ಅನೇಕ ಕೀಬೋರ್ಡುಗಳು ಆನ್ ಆದ ಕ್ಷಣದಲ್ಲಿ ಪೆಡಲ್ ಹೇಗಿದೆಯೋ ಅದನ್ನೇ 'ಒತ್ತದ ಸ್ಥಿತಿ' ಎಂದು ತಿಳಿದುಕೊಳ್ಳುತ್ತವೆ. ಆಗ ಕಾಲು ಅದರ ಮೇಲಿದ್ದರೆ ಎಲ್ಲವೂ ತಿರುಗುಮುರುಗು. ಒತ್ತಿದರೆ ಸ್ವರ ನಿಲ್ಲುತ್ತದೆ, ಬಿಟ್ಟರೆ ನಿಲ್ಲದೆ ಕಲಸುಮೇಲೋಗರವಾಗುತ್ತದೆ.

ಒಂದು ಪಾಸ್ಖ ಜಾಗರಣೆಯ ರಾತ್ರಿ ಹೀಗೆಯೇ ಆಯಿತು. ಪವಿತ್ರ ಗುರುವಾರದ ಮಹಿಮಾಗೀತೆಯಿಂದ ಮೌನವಾಗಿದ್ದ ವಾದ್ಯ ಜಾಗರಣೆಯ ಮಹಿಮಾಗೀತೆಗೆ ಮತ್ತೆ ಮೊಳಗಬೇಕಿತ್ತು. ಅಲ್ಲಿಯವರೆಗೆ ದೇವಾಲಯದಲ್ಲಿ ಮಬ್ಬು ಬೆಳಕು. ಗಾನವೃಂದದ ಹತ್ತನೇ ತರಗತಿಯ ಬಾಲಕ ಕತ್ತಲಲ್ಲೇ ತಡಕಾಡಿ ಸ್ವಿಚ್ ಹಾಕಿದ. ಗಂಟೆಗಳು ಬಾರಿಸಿದವು, ದೀಪಗಳು ಹೊತ್ತಿಕೊಂಡವು, ನಾವು ಮಹಿಮಾಗೀತೆ ಎತ್ತಿದೆವು. ಕೀಬೋರ್ಡಿನಿಂದ ಬಂದದ್ದು ಮಾತ್ರ ಒಂದರ ಮೇಲೊಂದು ಬಿದ್ದ ಸ್ವರಗಳ ಗದ್ದಲ. ಅವನು ಹೆದರಿ ಕಾಲನ್ನು ಒತ್ತಿದ, ಬಿಟ್ಟ, ಮತ್ತೆ ಒತ್ತಿದ. ಗದ್ದಲ ಹೆಚ್ಚಾಯಿತೇ ಹೊರತು ನಿಲ್ಲಲಿಲ್ಲ.

ಬಲಿಪೂಜೆ ಮುಗಿದ ಮೇಲೆ ದೇವಾಲಯದ ಬಾಗಿಲಲ್ಲಿ, ಎಲ್ಲರೂ ಹಬ್ಬದ ಶುಭಾಶಯ ಹೇಳಿಕೊಳ್ಳುತ್ತಿದ್ದಾಗ, ನಾವು ಅವನನ್ನು ಕರೆದು ಗದರಿಸಿದೆವು. "ಅಭ್ಯಾಸ ಮಾಡದೆ ಏಕೆ ಬರುತ್ತೀಯ?" ಎಂದೆವು. ಅವನು ತಲೆ ತಗ್ಗಿಸಿ ಹೋದ. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ಪುನರುತ್ಥಾನದ ರಾತ್ರಿಯಲ್ಲೇ ನಾವು ಒಂದು ಮಗುವಿನ ಹಾಡನ್ನು ಹೂತುಬಿಟ್ಟಿದ್ದೆವು.

ಕೆಲವು ವಾರಗಳ ನಂತರ ಒಂದು ಮದುವೆಗೆ ನುಡಿಸಲು ಬಂದ ವಾದ್ಯಗಾರರು ಈ ಕ್ರಮವನ್ನು ನಮಗೆ ತೋರಿಸಿಕೊಟ್ಟರು. ಅಂದು ರಾತ್ರಿ ಆಗಿದ್ದೇನೆಂದು ಆಗ ತಿಳಿಯಿತು. ಅವನ ಅಭ್ಯಾಸದಲ್ಲಿ ಕೊರತೆಯಿರಲಿಲ್ಲ, ಅವನ ಕೈ ಸರಿಯಾಗಿಯೇ ನುಡಿಸಿತ್ತು. ಅಂದು ಸಂಜೆಯೇ ನಾವು ಅವನ ಮನೆಗೆ ಹೋಗಿ, ತಂದೆತಾಯಿಯ ಎದುರಿನಲ್ಲೇ ಕ್ಷಮೆ ಕೇಳಿದೆವು. ಎಲ್ಲರೆದುರು ಗದರಿಸಿದ್ದಕ್ಕೆ ಮರುಭಾನುವಾರ ಪೀಠದ ಮುಂದೆ ನಿಂತು ಎಲ್ಲರೆದುರೇ ತಪ್ಪೊಪ್ಪಿಕೊಂಡೆವು. ಅವನು ಮರಳಿ ಬಂದ. ಈಗ ಚಿಕ್ಕವರಿಗೆ ಅವನೇ ಕಲಿಸುತ್ತಾನೆ. ಅವನು ಹೇಳಿಕೊಡುವ ಮೊದಲ ಪಾಠ: "ಕಾಲು ತೆಗೆ, ಆಮೇಲೆ ಸ್ವಿಚ್ ಹಾಕು."

ಪ್ರಿಯರೇ, ನಮ್ಮ ಮನೆಗಳಲ್ಲೂ ಇದೇ ನಡೆಯುತ್ತದೆ. ಬೆಳಿಗ್ಗೆ ಏಳುವಾಗಲೇ ಮನಸ್ಸಿನ ಮೇಲೆ ಕೋಪದ ಕಾಲಿಟ್ಟುಕೊಂಡು ದಿನ ಆರಂಭಿಸಿದರೆ, ಆ ದಿನವೆಲ್ಲ ತಿರುಗುಮುರುಗು. ಹೆಂಡತಿಯ ಒಳ್ಳೆಯ ಮಾತು ಚುಚ್ಚುಮಾತಾಗಿ ಕೇಳುತ್ತದೆ, ಮಗನ ಮೌನ ಅಹಂಕಾರವಾಗಿ ಕಾಣುತ್ತದೆ. ವಾದ್ಯ ಕೆಟ್ಟಿಲ್ಲ, ಆರಂಭ ಕೆಟ್ಟಿದೆ. ಪರಿಹಾರವೂ ಸುಲಭ: ಆಫ್ ಮಾಡಿ, ಕಾಲು ತೆಗೆದು, ಮತ್ತೆ ಆನ್ ಮಾಡುವುದು. ಪಾಪನಿವೇದನೆಯ ಸಂಸ್ಕಾರದಲ್ಲಿ ದೇವರು ನಮಗೆ ಕೊಡುವುದೂ ಇಂಥ ಹೊಸ ಆರಂಭವನ್ನೇ.

ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 12ನೆಯ ಅಧ್ಯಾಯದಲ್ಲಿ ದೇಹದ ಅಂಗಗಳ ಮಾತು ಬರುತ್ತದೆ. ತಾನು ಕೈಯಲ್ಲವೆಂಬ ಕಾರಣಕ್ಕೆ ಕಾಲು ದೇಹಕ್ಕೆ ಹೊರತಾಗುವುದಿಲ್ಲ ಎಂಬುದು ಅವರ ಬೋಧನೆ. ಕೀಬೋರ್ಡ್ ನುಡಿಸುವವರ ಕೈಯನ್ನು ಎಲ್ಲರೂ ನೋಡುತ್ತಾರೆ, ಕಾಲನ್ನು ಯಾರೂ ನೋಡುವುದಿಲ್ಲ. ಆದರೆ ಕೈ ಸ್ಥಳ ಬದಲಿಸುವಾಗ ಹಾಡನ್ನು ಹಿಡಿದು ನಿಲ್ಲಿಸುವುದು ಕಾಲೇ. ನಮ್ಮ ಧರ್ಮಕೇಂದ್ರದಲ್ಲೂ ಹಾಗೆಯೇ. ಮುಂಜಾನೆ ಬಾಗಿಲು ತೆರೆಯುವವರು, ನೆಲ ಗುಡಿಸುವವರು, ಹಾಸಿಗೆಯಲ್ಲೇ ಜಪಸರ ಹಿಡಿದ ಅಜ್ಜಿಯರು, ಇವರೇ ನಮ್ಮ ಹಾಡು ತುಂಡಾಗದಂತೆ ಹಿಡಿದಿರುವವರು.

ಇನ್ನೊಂದು ಮಾತು. ಕೀಬೋರ್ಡನ್ನು ಇನ್ನೊಂದು ಉಪಕರಣಕ್ಕೆ ಜೋಡಿಸಲು 1983ರಲ್ಲಿ ಬಂದ ಮಿಡಿ ಎಂಬ ವ್ಯವಸ್ಥೆಯಿದೆ. ಆ ತಂತಿಯಲ್ಲಿ ಧ್ವನಿ ಹರಿಯುವುದಿಲ್ಲ. ಯಾವ ಕೀಲಿ, ಎಷ್ಟು ಬಲದಿಂದ ಒತ್ತಲಾಯಿತು ಎಂಬ ಸಂದೇಶ ಮಾತ್ರ ಹೋಗುತ್ತದೆ. ಧ್ವನಿ ಹುಟ್ಟುವುದು ಅದನ್ನು ಪಡೆದ ಉಪಕರಣದಲ್ಲಿ. ಪ್ರಬೋಧನೆ ಮಾಡುವ ನಾವೂ ಅಂಥ ತಂತಿಯಷ್ಟೇ. ಶುಭಸಂದೇಶ ನಿಮ್ಮ ಬಳಿ ಬಂದಿದೆ, ಅದರ ಧ್ವನಿ ನಿಮ್ಮ ಬಾಳಿನಲ್ಲಿ ಹುಟ್ಟಬೇಕು.

ಇಂದು ಮನೆಗೆ ಹೋಗುವ ಮೊದಲು ಗಾನವೃಂದದ ಮಕ್ಕಳ ಬಳಿ ಹೋಗಿ ಒಂದು ಒಳ್ಳೆಯ ಮಾತಾಡೋಣ. ಯಾರನ್ನಾದರೂ ಅರಿಯದೆ ಗದರಿಸಿದ್ದರೆ ಇಂದೇ ಅವರ ಬಾಗಿಲು ತಟ್ಟೋಣ. ಸಂತ ಸಿಸಿಲಿಯಾ ನಮಗಾಗಿ ಪ್ರಾರ್ಥಿಸಲಿ. ಆಮೆನ್.